ಬಿಡುತ್ತೇನೆಂದ ಹುಡುಗಿ, ನಗುತ್ತಿದ್ದ ಹುಡುಗಿ

ಎರಡನೇ ವರ್ಷದ ನರ್ಸಿಂಗ್ ತರಗತಿಯಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ತೆಗೆಯುತ್ತಿದ್ದ ಹುಡುಗಿ ಒಂದು ಮಧ್ಯಾಹ್ನ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು. ನಾನು ಆಗಷ್ಟೇ ಬುತ್ತಿಯ ಮುಚ್ಚಳ ತೆಗೆದಿದ್ದೆ.

"ಮೇಡಂ, ನಾನ್ ಕೋರ್ಸ್ ಬಿಡ್ತೆ" ಎಂದಳು.

"ನಿಂದ್ ಊಟ ಆಯ್ತಾ?" ಎಂದು ಕೇಳಿದೆ.

"ಆಯ್ತ್. ಮನೆಲ್ ಇನ್ನೂ ಹೇಳ್ಲಿಲ್ಲ. ನಿಮ್ಗೆ ಮೊದ್ಲ್ ಹೇಳ್ವ ಅಂದೇಳಿ ಬಂದೆ."

ಯಾಕೆ ಎಂದರೆ ತಲೆ ತಗ್ಗಿಸಿದಳು. ಅಳಲಿಲ್ಲ. ಅಳುವ ಮಕ್ಕಳನ್ನು ಕೂರಿಸಿ ನೀರು ಕೊಟ್ಟು ಸಮಾಧಾನ ಮಾಡುವುದು ನನಗೆ ಅಭ್ಯಾಸ. ಅಳದೆ, ಸಿಟ್ಟೂ ಮಾಡದೆ, ಮಾರ್ಕೆಟಿಗೆ ಹೋಗಿ ಬರುತ್ತೇನೆ ಎಂಬ ಹಾಗೆ ಓದು ಬಿಡುತ್ತೇನೆನ್ನುವವಳಿಗೆ ಏನು ಹೇಳುವುದು? "ಎರಡ್ ದಿನ ಸುಮ್ನಿರ್, ಮಾತಾಡ್ವ" ಎಂದು ಕಳಿಸಿದೆ.

ನಾನು ಹತ್ತಾರು ವರ್ಷ ವಾರ್ಡುಗಳಲ್ಲಿ ದುಡಿದು, ಆಮೇಲೆ ಕೋಟೇಶ್ವರದ ಹತ್ತಿರ ಹೆದ್ದಾರಿ ಬದಿಯ ಒಂದು ನರ್ಸಿಂಗ್ ಕಾಲೇಜಿಗೆ ಪಾಠ ಹೇಳಲು ಸೇರಿದವಳು. ಬ್ರಹ್ಮಾವರದಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತೇನೆ. ನಾನು ನರ್ಸಿಂಗ್ ಕಲಿಯುವಾಗ ನಿನಗೆ ಈ ಓದು ಇಷ್ಟವೇ ಎಂದು ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಸೇರಿದ್ದಾಯಿತು, ಮುಗಿಸಿದ್ದಾಯಿತು, ಕೆಲಸ ಸಿಕ್ಕಿತು. ಹಾಗಾಗಿ ಆ ದಿನ ಬಸ್ಸಿನಲ್ಲಿ ಮನೆಗೆ ಹೋಗುವಾಗ ನನ್ನನ್ನು ಕಾಡಿದ್ದು ಬೇಸರಕ್ಕಿಂತ ಹೆಚ್ಚಾಗಿ ಒಂದು ಕುತೂಹಲ. ಬೇರೆ ಯಾರಾದರೂ ಬಿಡುತ್ತೇನೆ ಎಂದಿದ್ದರೆ ಅರ್ಥವಾಗುತ್ತಿತ್ತು. ಇವಳು ಯಾಕೆ?

ಇವಳು ಬೈಂದೂರು ಬದಿಯ ಯಡ್ತರೆಯವಳು. ಹಿಂದೆ ಅಜ್ಜಂದಿರು ದೇವಸ್ಥಾನದಲ್ಲಿ ವಾದ್ಯ ಊದುತ್ತಿದ್ದ ಮನೆತನ. ಅಪ್ಪ ಈಗ ಗೂಡ್ಸ್ ರಿಕ್ಷಾ ಓಡಿಸುತ್ತಾರೆ. ಸೇರುವ ದಿನ ಅಪ್ಪ ಬಿ.ಕಾಂ. ಮಾಡಲಿ ಎನ್ನುತ್ತಿದ್ದಾಗ ಇವಳೇ ಹಟ ಹಿಡಿದು ಈ ಓದು ಬೇಕೆಂದು ಬಂದವಳು. ಆ ದಿನ ಆಫೀಸಿನಲ್ಲಿ ನಾನೂ ಇದ್ದೆ. ಅಪ್ಪ ಕೈ ಕಟ್ಟಿ ನಿಂತಿದ್ದರು, ಮಗಳು ಎಲ್ಲ ಪ್ರಶ್ನೆಗಳಿಗೂ ತಾನೇ ಮುಂದಾಗಿ ಉತ್ತರ ಕೊಡುತ್ತಿದ್ದಳು.

ಅದೇ ತರಗತಿಯಲ್ಲಿ ಇನ್ನೊಬ್ಬಳಿದ್ದಳು. ಹುಟ್ಟೂರು ಬ್ರಹ್ಮಾವರದ ಆಚೆಯ ಒಂದು ಹಳ್ಳಿಯಾದರೂ ಬೆಳೆದದ್ದು ಮುಂಬೈಯಲ್ಲಿ. ಊರಲ್ಲಿ ಗದ್ದೆ, ದೊಡ್ಡ ಮನೆ. ಮುಂಬೈಯಲ್ಲಿ ಅಪ್ಪನ ಹೋಟೆಲು. ಡಾಕ್ಟರಾಗಬೇಕೆಂದಿದ್ದು, ಸೀಟು ಸಿಗದೆ, ತಾಯಿಯ ಒತ್ತಾಯಕ್ಕೆ ಇಲ್ಲಿ ಬಂದು ಬಿದ್ದವಳು. ಅವಳ ಮಾವನೊಬ್ಬರು ಕಾಲೇಜಿನ ಜಗಲಿಯಲ್ಲೇ ನಿಂತು, "ನಮ್ಮನೆ ಹೆಣ್ಣ್ ಇನ್ನೊಬ್ರ್ ಹೇಲುಚ್ಚೆ ಬಳುಕೆ ಬಂದದ್ದಾ?" ಎಂದು ಕೇಳಿದ್ದು ನನ್ನ ಕಿವಿಗೂ ಬಿದ್ದಿತ್ತು. ಮೊದಲ ತಿಂಗಳು ಹಾಸ್ಟೆಲಿನಲ್ಲಿ ಅವಳು ಅತ್ತ ಅಳುವಿಗೆ ವಾರ್ಡನ್ ಸೋತು ಹೋಗಿದ್ದರು. ಈಗ ನೋಡಿದರೆ ಕಾರಿಡಾರಿನಲ್ಲಿ ಕೇಳಿಸುವ ನಗುವೆಲ್ಲ ಅವಳದ್ದೇ.

ಬೇಕೆಂದು ಬಂದವಳು ಹೊರಟಿದ್ದಾಳೆ, ಬೇಡವೆಂದು ಬಂದವಳು ನಗುತ್ತಿದ್ದಾಳೆ. ಇಬ್ಬರಿಗೂ ಅದೇ ಪಾಠ, ಅದೇ ಲ್ಯಾಬು, ಅದೇ ಹಾಸ್ಟೆಲಿನ ಅದೇ ಸಾರು. ಹಾಗಾದರೆ ವ್ಯತ್ಯಾಸ ಎಲ್ಲಿ?

ಮರುದಿನದಿಂದ ನನಗೊಂದು ಹುಚ್ಚು ಹಿಡಿಯಿತು. ಸಿಕ್ಕಿದ ಮಕ್ಕಳನ್ನೆಲ್ಲ ಈ ಓದು ನಿಮಗೆ ಇಷ್ಟವಾ, ಯಾಕೆ ಎಂದು ಕೇಳತೊಡಗಿದೆ. ಮಕ್ಕಳು ಇದು ಹೊಸ ರೀತಿಯ ಪರೀಕ್ಷೆಯೋ ಎಂದು ಹೆದರಿ "ಇಷ್ಟ ಮೇಡಂ" ಎನ್ನುತ್ತಿದ್ದರು. ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಾ ಕೇಳಿದಾಗ ಮಾತ್ರ ಒಂದಿಷ್ಟು ನಿಜ ಹೊರಬಿತ್ತು. ಒಬ್ಬಳಿಗೆ ಇಂಗ್ಲಿಷ್ ಪುಸ್ತಕ ತಲೆಗೆ ಹೋಗುತ್ತಿರಲಿಲ್ಲ. ಒಬ್ಬನಿಗೆ ಮದುವೆ ಮನೆಗಳಲ್ಲಿ ನೆಂಟರು "ಗಂಡ್ ನರ್ಸಾ?" ಎಂದು ನಗುವುದು ಸಹಿಸಲಾಗುತ್ತಿರಲಿಲ್ಲ. ಇನ್ನೊಬ್ಬಳಿಗೆ ಎಲ್ಲವೂ ಇಷ್ಟ, ಕೂದಲಿಗೆ ಬಲೆ ಹಾಕಿಕೊಳ್ಳುವುದೊಂದು ಬಿಟ್ಟು. ಆದರೆ ಇವರು ಯಾರೂ ಬಿಟ್ಟು ಹೋಗುವ ಮಾತಾಡಲಿಲ್ಲ.

ಮುಂಬೈ ಹುಡುಗಿಯನ್ನೂ ಕೇಳಿದೆ.

"ಅರೆ, ಇಷ್ಟವೇ ಮೇಡಂ" ಎಂದಳು. "ಮನೆಲ್ ನಾನೊಬ್ಳೇ ಅಲ್ದಾ. ಇಲ್ಲಿ ಬೆಳಿಗ್ಗೆ ಎದ್ರೆ ರೂಮ್ ತುಂಬ ಜನ. ಒಬ್ರ್ ಜಡೆ ಒಬ್ರ್ ಕಟ್ಟುದ್, ಓಡುದ್. ವಾರ್ಡಲ್ಲಿ ಅಜ್ಜಿಯಂದ್ರ್ ಎಲ್ಲ ಮಾತಾಡುಕೆ ಸಿಕ್ತ್ರ್."

"ಮತ್ತೆ ಪಾಠ?"

"ಪಾಠ ಇತ್ತಲೆ, ಅದ್ ಇಪ್ಪುದೇ" ಎಂದು ನಕ್ಕಳು.

ಯಡ್ತರೆಯವಳಿಗೂ ಅದೇ ರೂಮು, ಅದೇ ಗೆಳತಿಯರು. ಹಾಗಾದರೆ ಅದೂ ಕಾರಣವಲ್ಲ. ಆ ಭಾನುವಾರ ಅವಳು ಊರಿಗೆ ಹೋಗಿದ್ದಳು. ನಾನು ಮನೆಯಲ್ಲಿ ಹೇಳಿ ಬೈಂದೂರಿನ ಬಸ್ಸು ಹತ್ತಿದೆ.

ಯಡ್ತರೆಯ ಆ ಮನೆ ರಸ್ತೆಯಿಂದ ಸ್ವಲ್ಪ ಒಳಗೆ. ಅಂಗಳದಲ್ಲಿ ಹಪ್ಪಳ ಒಣಗಲು ಹಾಕಿದ್ದರು. ನನ್ನನ್ನು ಕಂಡು ಹುಡುಗಿ ಗಾಬರಿಯಾದಳು. ಬಿಡುವ ಸುದ್ದಿ ಇನ್ನೂ ಮನೆಯಲ್ಲಿ ಹೇಳಿರಲಿಲ್ಲವಂತೆ. ನಾನು ಕಣ್ಣಲ್ಲೇ "ನಾನೂ ಹೇಳುವುದಿಲ್ಲ" ಎಂದೆ. ಅವಳ ತಾಯಿ ಬೆಲ್ಲ ನೀರು ತಂದಿಟ್ಟು, "ಈಗೀಗ ಮನೆಗ್ ಬಂದ್ರೆ ಇವ್ಳ್ ಮಾತೇ ಆಡುದಿಲ್ಲ ಕಾಣಿ. ಮೊದ್ಲೆಲ್ಲ ಬಾಯಿ ಮುಚ್ತಿರ್ಲಿಲ್ಲ" ಎಂದರು.

ಜಗಲಿಯ ಮೂಲೆಯಲ್ಲಿ ಅಜ್ಜಿ ಕಾಲು ಚಾಚಿ ಕೂತಿದ್ದರು. ನಾನು ಯಾರೆಂದು ಗೊತ್ತಾದದ್ದೇ ತಡ, ಸೀರೆಯ ಅಂಚನ್ನು ಸ್ವಲ್ಪ ಸರಿಸಿ ಕಣಕಾಲು ತೋರಿಸಿದರು. ಹಳೆಯ ಹುಣ್ಣು ಮಾಯ್ದ ದೊಡ್ಡ ಕಲೆ.

"ಇದ್ ವಾಸಿ ಆದ್ದ್ ಯಾರಿಂದ ಗೊತ್ತಿತ್ತಾ? ಇವ್ಳಿಂದ" ಎಂದರು. "ಶಾಲೆಗ್ ಹೋಪತಿಗೆ ದಿನಾ ತೊಳ್ದ್ ಬಟ್ಟೆ ಕಟ್ಟಿ ಹೋತಿದ್ಳ್. ಆಸ್ಪತ್ರೆ ಸಿಸ್ಟ್ರ್ ಒಂದ್ಸಲ ಬಂದ್ ಕಂಡ್ ಹೇಳಿಕೊಟ್ರ್, ಮತ್ತೆ ಎಲ್ಲ ಇವ್ಳೇ. ಈಗ ಕಾಲೇಜಲ್ ಎಂತ ಮಾಡ್ತೆ ಮಗಾ ಅಂದ್ರೆ, ಗೊಂಬೆಗ್ ಇಂಜೆಕ್ಷನ್ ಕೊಡ್ತೆ ಅಂತ್ಳ್. ಹೌದಾ ಅಮಾ, ಗೊಂಬೆಗಾ?"

"ಗೊಂಬೆಗೂ ಕೊಡ್ತ್ರ್ ಅಜ್ಜಿ, ಮೊದ್ಲ್ ಕಲೂಕೆ" ಎಂದೆ. ಅಜ್ಜಿಗೆ ಸಮಾಧಾನವಾದ ಹಾಗೆ ಕಾಣಲಿಲ್ಲ.

ಹುಡುಗಿ ಬಸ್ ಸ್ಟಾಪಿನವರೆಗೆ ನನ್ನ ಜೊತೆ ಬಂದಳು. ದಾರಿಯಲ್ಲಿ ನಾನೇನೂ ಕೇಳಲಿಲ್ಲ. ಅರ್ಧ ದಾರಿ ಕಳೆದ ಮೇಲೆ ಅವಳೇ ಶುರು ಮಾಡಿದಳು.

"ವಾರ್ಡಲ್ಲಿ ನಾನ್ ಬಿಪಿ ಕಾಂತೆ ಮೇಡಂ. ಬರೀತೆ. ಸ್ವಲ್ಪ ಹೊತ್ತಿಗ್ ಸಿಸ್ಟರ್ ಬಂದ್ ಮತ್ತೊಂದ್ಸಲ ಕಾಂತ್ರ್, ಅವ್ರದ್ದೇ ಬರೀತ್ರ್. ಹಾಸ್ಗೆ ಹಾಸ್ತೆ. ಫಾರ್ಮಸಿಗ್ ಹೋಯ್ ಮದ್ದ್ ತತ್ತೆ. ದಿನಾ ಬೇರೆ ಬೇರೆ ಬೆಡ್. ನಿನ್ನೆ ಕಂಡವ್ರ್ ಇವತ್ ಎಂತಾದ್ರ್ ಅಂತ ಗೊತ್ತಾತಿಲ್ಲ. ನಾನ್ ಬಪ್ಪುದಿಲ್ಲ ಅಂದ್ರೆ ಅಲ್ಲಿ ಯಾರಿಗೂ ಎಂತ ಆಪುದಿಲ್ಲ." ದಾರಿಯ ಕಲ್ಲೊಂದನ್ನು ಕಾಲಲ್ಲಿ ಸರಿಸಿ ಮುಂದುವರಿಸಿದಳು: "ಬುಕ್ಕಲ್ ಇಪ್ಪುದೆಲ್ಲ ನಂಗೆ ಲಾಯ್ಕ್ ಆತ್ತ್. ವಾರ್ಡಿಗ್ ಹೋರೆ ಬುಕ್ಕಲ್ ಇದ್ದದ್ ಯಾವ್ದೂ ಅಲ್ ಕಾಂತಿಲ್ಲ."

ಬಸ್ಸು ಬಂತು. "ಈ ಸಲದ್ ವಾರ್ಡ್ ಪೋಸ್ಟಿಂಗ್ ಮುಗಿವ ತನಕ ನಿಲ್. ಮತ್ತೆ ನಿನ್ ಇಷ್ಟ" ಎಂದು ಹೇಳಿ ಹತ್ತಿದೆ. ಅವಳು ತಲೆಯಾಡಿಸಿದ್ದು ನನ್ನ ಮೇಲಿನ ಗೌರವಕ್ಕೆ ಮಾತ್ರ ಎಂದು ಚೆನ್ನಾಗಿಯೇ ಗೊತ್ತಾಯಿತು.

ನಮ್ಮ ಮಕ್ಕಳು ಕಲಿಯಲು ಹೋಗುವ ಆಸ್ಪತ್ರೆ ಕಾಲೇಜಿನಿಂದ ರಿಕ್ಷಾದಲ್ಲಿ ಹೋಗುವಷ್ಟು ದೂರ. ಅಲ್ಲಿನ ಸರ್ಜರಿ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ನಿವೃತ್ತಿಯ ಹತ್ತಿರ ಬಂದವರು, ಬಿಗಿ ಮನುಷ್ಯೆ. ಅವರ ಬಳಿ ಹೋಗಿ, ಈ ಸಲ ಒಂದೊಂದು ಮಗುವಿಗೆ ಒಬ್ಬೊಬ್ಬ ರೋಗಿಯನ್ನು ಪೂರ್ತಿಯಾಗಿ ಒಪ್ಪಿಸಿದರೆ ಹೇಗೆ ಎಂದು ಕೇಳಿದೆ. ಪೋಸ್ಟಿಂಗ್ ಮುಗಿಯುವವರೆಗೆ ಅದೇ ರೋಗಿ, ಬಿಪಿಯಿಂದ ಡ್ರೆಸ್ಸಿಂಗ್ ತನಕ ಎಲ್ಲವನ್ನೂ ಅದೇ ವಿದ್ಯಾರ್ಥಿ ಮಾಡುವುದು.

"ಎಂತಾದ್ರೂ ಹೆಚ್ಚುಕಡಿಮೆ ಆದ್ರೆ ಜವಾಬ್ದಾರಿ ಯಾರ್ದ್?" ಎಂದರು ಸಿಸ್ಟರ್.

"ನಂದ್."

"ನೀವ್ ಮಕ್ಕಳನ್ನ್ ಬಿಟ್ಟ್ ಹನ್ನೊಂದ್ ಗಂಟೆಗ್ ಕಾಲೇಜಿಗ್ ಹೋತ್ರಿ. ಮತ್ತೆ ನಿಮ್ ಜವಾಬ್ದಾರಿ ಇಲ್ಲಿ ಬಂದ್ ಕೂಕಂತಾ?"

ಮಾತು ಸರಿಯಾಗಿಯೇ ಇತ್ತು. ಮಕ್ಕಳು ವಾರ್ಡಿನಲ್ಲಿರುವಷ್ಟು ಹೊತ್ತೂ ನಾನೂ ಇರುತ್ತೇನೆ, ಪ್ರತಿ ಡ್ರೆಸ್ಸಿಂಗಿಗೂ ಪಕ್ಕದಲ್ಲಿ ನಿಲ್ಲುತ್ತೇನೆ ಎಂದು ಒಪ್ಪಿಕೊಂಡೆ. ಸಿಸ್ಟರ್ "ಕಾಂಬ" ಎಂದರು. ನೋಡೋಣ ಎಂಬುದೇ ಅವರ ಬಾಯಲ್ಲಿ ದೊಡ್ಡ ಒಪ್ಪಿಗೆ.

ಮುಂಬೈ ಹುಡುಗಿಗೆ ಸಿಕ್ಕಿದವರು ಹರ್ನಿಯಾ ಆಪರೇಷನ್ ಆದ ಮುದುಕರು, ಮುಂಬೈಯ ಹೋಟೆಲುಗಳಲ್ಲಿ ಅಡುಗೆ ಮಾಡಿ ಊರಿಗೆ ಮರಳಿದವರು. ಇಬ್ಬರೂ ಬೆಳಗಿನಿಂದಲೇ ಹಿಂದಿಯಲ್ಲಿ ಹರಟೆ ಶುರು ಮಾಡಿಬಿಟ್ಟರು. ಯಡ್ತರೆಯವಳಿಗೆ ಬೀಜಾಡಿಯ ಒಬ್ಬ ಹೆಂಗಸು. ಬುಟ್ಟಿ ಹೊತ್ತು ಮನೆ ಮನೆಗೆ ಮೀನು ಮಾರುವವರು, ಐವತ್ತು ದಾಟಿದ ಗಟ್ಟಿ ಜೀವ. ಸಕ್ಕರೆ ಕಾಯಿಲೆ, ಬಲಗಾಲಿನ ಬೆರಳಿನ ಹತ್ತಿರ ಗಾಯವಾಗಿ ಕೀವು ತುಂಬಿತ್ತು.

ಹುಡುಗಿ ಟ್ರೇ ಹಿಡಿದು ಹತ್ತಿರ ಹೋದಳು. ಆಕೆ ಕಾಲು ಎಳೆದುಕೊಂಡರು.

"ಕಲೂ ಮಕ್ಕಳ್ ಬ್ಯಾಡ. ದೊಡ್ ಸಿಸ್ಟರ್ ಬರ್ಲಿ."

ನಾನು ಪಕ್ಕದಲ್ಲಿದ್ದೇನೆ, ಹೆದರಬೇಡಿ ಎಂದರೂ ಕೇಳಲಿಲ್ಲ. ಆ ದಿನ ಡ್ರೆಸ್ಸಿಂಗ್ ಮಾಡಿದ್ದು ಇನ್‌ಚಾರ್ಜ್ ಸಿಸ್ಟರೇ. ಹುಡುಗಿ ದೂರದಲ್ಲಿ ಟ್ರೇ ಹಿಡಿದು ನಿಂತಿದ್ದಳು. ಅವಳನ್ನು ಉಳಿಸಿಕೊಳ್ಳಲು ನಾನು ಮಾಡಿದ ಉಪಾಯ ಮೊದಲ ದಿನವೇ ತಲೆಕೆಳಗಾಗಿತ್ತು. ಸಂಜೆ ಬಸ್ಸಿನಲ್ಲಿ ಕೂತು, ನಾಳೆ ಇವಳು ಬರುತ್ತಾಳೋ ಇಲ್ಲವೋ ಎಂದೇ ಯೋಚಿಸುತ್ತಿದ್ದೆ.

ಬಂದಳು. ಮತ್ತೆ ಟ್ರೇ ಹಿಡಿದು ಅದೇ ಮಂಚದ ಬಳಿ ಹೋದಳು. ಈ ಸಲ ಆಕೆ ಕಾಲು ಎಳೆದುಕೊಳ್ಳಲಿಲ್ಲ, ಆದರೆ ಕೈ ಅಡ್ಡ ಹಿಡಿದರು.

"ಹ್ವಾಯ್, ಎಂತ ಮಾಡ್ತೆ ಅಂತ ಹೇಳ್ದೆ ಮುಟ್ಬ್ಯಾಡ. ನಿನ್ನೆ ಆ ಸಿಸ್ಟರೂ ಹೇಳ್ಲಿಲ್ಲ, ಪಟಕ್ಕಂತ ಬಟ್ಟೆ ಎಳ್ದೇ ಬಿಟ್ರ್. ನಾನ್ ಮೀನ್ ಕೊಯ್ವತಿಗೂ ತುಂಡ್ ಹ್ಯಾಂಗ್ ಮಾಡ್ಕ್ ಅಂತ ಗಿರಾಕಿ ಹತ್ರ ಕೇಂತೆ. ಇದ್ ನನ್ ಕಾಲ್!"

ಹುಡುಗಿ ನನ್ನ ಮುಖ ನೋಡಿದಳು. ನನಗೆ ನಗು ತಡೆಯುವುದು ಕಷ್ಟವಾಯಿತು. ನಮ್ಮ ಲ್ಯಾಬಿನಲ್ಲಿ ಯಾವ ಕೆಲಸ ಕಲಿಸುವಾಗಲೂ ಮೊಟ್ಟಮೊದಲ ಹೆಜ್ಜೆ ಇದೇ: ಮಾಡುವುದನ್ನು ರೋಗಿಗೆ ವಿವರಿಸಬೇಕು. ಮಕ್ಕಳು ಅದನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿ ಗೊಂಬೆಯ ಮೇಲೆ ಕೈ ಹಾಕುತ್ತಿದ್ದರು. ಹೇಳದಿದ್ದರೆ ಅಂಕ ಕಡಿತ. ಆ ಗೊಂಬೆಗೆ ಒಂದು ಕಿವಿ ಮುರಿದಿತ್ತು, ಉಳಿದ ಕಿವಿಗೂ ಏನೂ ಕೇಳಬೇಕಾಗಿರಲಿಲ್ಲ. ಈಗ ನಿಜವಾಗಿ ಕೇಳುವ ಕಿವಿಯೊಂದು ಎದುರಿಗೆ ಕೂತಿತ್ತು.

"ಅಕ್ಕಾ, ಮೊದ್ಲ್ ಹಳೆ ಬಟ್ಟೆ ತೆಗಿತೆ" ಎಂದು ಹುಡುಗಿ ಶುರು ಮಾಡಿದಳು. "ಅಂಟ್ಕಂಡಿದ್ರೆ ನೀರ್ ಹಾಕಿ ನೆನ್ಸಿ ತೆಗಿತೆ, ಎಳುದಿಲ್ಲ. ಮತ್ತೆ ತೊಳಿತೆ. ಮತ್ತೆ ಸ್ಟೆರೈಲ್... ಅಂದ್ರೆ..." ಅಲ್ಲಿ ನಿಂತಳು. ಸ್ವಲ್ಪ ಯೋಚಿಸಿ, "ಎಂತದೂ ತಾಗ್ದ ಹಾಂಗೆ ಕಟ್ಟಿಟ್ಟ ಬಟ್ಟೆ ಇತ್ತ್, ಅದನ್ನ್ ಇಡ್ತೆ" ಎಂದಳು.

"ಹಾಂ, ಹಾಂಗ್ ಹೇಳ್. ಈಗ ಮಾಡ್" ಎಂದರು ಆಕೆ.

ಅಲ್ಲಿಂದ ನಮ್ಮ ತರಗತಿಯಲ್ಲಿ ನಾನು ಎಣಿಸಿರದ ಒಂದು ಗಲಾಟೆ ಶುರುವಾಯಿತು. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಹುಡುಗಿ ಬಂದು, "ಮೇಡಂ, ಇನ್ಫೆಕ್ಷನ್ನಿಗೆ ನಮ್ ಬದಿಯಲ್ ಎಂತ ಅಂತ್ರ್?" ಎಂದು ಕೇಳಿದಳು. "ನಂಜು" ಎಂದೆ. ಪಕ್ಕದಲ್ಲಿದ್ದವನೊಬ್ಬ ನಂಜು ಎಂದರೆ ವಿಷ ಅಲ್ಲವೇ, ರೋಗಿ ಹೆದರಿಬಿಟ್ಟರೆ ಎಂದ. ಮುಂಬೈ ಹುಡುಗಿ ತನ್ನ ರೋಗಿಗೆ ಹರ್ನಿಯಾವನ್ನು ಹಿಂದಿಯಲ್ಲಿ ವಿವರಿಸಲು ಹೋಗಿ, ಹಳೆಯ ಗೋಣಿ ಹರಿದು ಅಕ್ಕಿ ಹೊರಬರುವ ಹಾಗೆ ಎಂದದ್ದನ್ನು ಹೇಳಿ ಎಲ್ಲರನ್ನೂ ನಗಿಸಿದಳು. ನರ ಕೆಟ್ಟು ಸ್ಪರ್ಶ ತಿಳಿಯದೆ ಹೋಗುವುದಕ್ಕೆ ಪುಸ್ತಕದಲ್ಲಿದ್ದ ಉದ್ದ ಹೆಸರನ್ನು ಬಿಟ್ಟು ಏನು ಹೇಳುವುದೆಂದು ಎರಡು ದಿನ ಚರ್ಚೆಯಾಯಿತು. ಕೊನೆಗೆ ಬೀಜಾಡಿಯ ಅಕ್ಕನೇ, "ಕಾಲ್ ಜೋಮ್ ಹಿಡ್ದ್ ಬಿಡ್ಲೇ ಇಲ್ಲ, ಹಾಂಗಾಯಿ ಮುಳ್ಳ್ ಚುಚ್ಚಿದ್ ಗೊತ್ತಾಯ್ಲಿಲ್ಲ" ಎಂದು ತನ್ನ ಕಥೆ ಹೇಳುವಾಗ ಜೋಮು ಎಂಬ ಶಬ್ದ ಸಿಕ್ಕಿತು. ಒಂದು ಶಬ್ದಕ್ಕೆ ಇನ್ನೊಂದು ಹುಡುಕಬೇಕಾದರೆ ಅದರ ಅರ್ಥ ಪೂರ್ತಿ ಗೊತ್ತಿರಬೇಕಲ್ಲ; ಮಕ್ಕಳು ಯಾರೂ ಹೇಳದೆಯೇ ಪುಸ್ತಕ ತೆರೆಯುತ್ತಿದ್ದರು.

ಆದರೆ ಗಾಯ ನಮ್ಮ ಉತ್ಸಾಹವನ್ನು ನೋಡಿಕೊಂಡು ವಾಸಿಯಾಗುವಂಥದ್ದಾಗಿರಲಿಲ್ಲ. ಕಿರುಬೆರಳಿನ ಪಕ್ಕದ ಬೆರಳು ಕಪ್ಪಾಗತೊಡಗಿತ್ತು. ಹುಡುಗಿ ಅದನ್ನು ಕಂಡು ಮೊದಲು ನನಗೆ, ಆಮೇಲೆ ಸಿಸ್ಟರಿಗೆ ತೋರಿಸಿದಳು. ಸಿಸ್ಟರ್ ಡಾಕ್ಟರಿಗೆ ಹೇಳಿದರು. ಸರ್ಜನ್ ಬಂದು ನೋಡಿ, ಬೆರಳು ತೆಗೆಯಬೇಕು ಎಂದರು.

ಮರುದಿನ ಬೆಳಗಿನ ವಾರ್ಡು ಮುಗಿಸಿ ಮಕ್ಕಳೊಡನೆ ಮರಳಿ, ಮಧ್ಯಾಹ್ನ ನಾನು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ ಫೋನು ಬಂತು. ಇನ್‌ಚಾರ್ಜ್ ಸಿಸ್ಟರ್.

"ನಿಮ್ಮ ಆ ಯಡ್ತರೆ ಹುಡ್ಗಿ ಇದ್ಳಾ ಅಲ್ಲಿ? ಕಳ್ಸಿ. ಈ ಹೆಂಗ್ಸ್ ಆಪರೇಷನ್ನಿಗೆ ಒಪ್ಪುದಿಲ್ಲ. ಆ ಹೆಣ್ಣ್ ಬಂದ್ ಹೇಳ್ಲಿ, ಮತ್ತೆ ಕಾಂಬ ಅಂತ ಕೂಕಂಡಿದ್ರ್."

ನಾನು ಅಷ್ಟು ವರ್ಷ ಕಲಿಸಿದ್ದರಲ್ಲಿ, ವಾರ್ಡಿನಿಂದ ಒಬ್ಬ ವಿದ್ಯಾರ್ಥಿಯನ್ನು ಕಳಿಸಿ ಎಂದು ಕರೆ ಬಂದದ್ದು ಅದೇ ಮೊದಲು. ಪ್ರಿನ್ಸಿಪಾಲರಿಗೆ ಹೇಳಿ ಹುಡುಗಿಯನ್ನು ಕರೆದುಕೊಂಡು ರಿಕ್ಷಾ ಹತ್ತಿದೆ. ದಾರಿಯುದ್ದಕ್ಕೂ ಅವಳು ಉಗುರು ಕಚ್ಚುತ್ತಿದ್ದಳು.

ಬೀಜಾಡಿಯ ಅಕ್ಕ ಮಂಚದ ಮೇಲೆ ನೆಟ್ಟಗೆ ಕೂತಿದ್ದರು. ಪಕ್ಕದಲ್ಲಿ ಮಗ ಮುಖ ಬಾಡಿಸಿ ನಿಂತಿದ್ದ.

"ಬಂದ್ಯಾ? ಕೂಕೊ" ಎಂದರು. "ನೀ ದಿನಾ ಕಂಡವ್ಳ್. ನಿಜ ಹೇಳ್. ಬೆರಳ್ ತೆಗಿದೇ ಇದ್ರೆ ಎಂತ ಆತ್ತ್?"

ನಾನು ಬಾಯಿ ತೆರೆಯುವವಳಿದ್ದೆ, ಹೇಗೋ ತಡೆದುಕೊಂಡೆ. ಹುಡುಗಿ ಆಕೆಯ ಕಾಲನ್ನೇ ನೋಡುತ್ತಾ ನಿಂತಿದ್ದಳು.

"ಕಪ್ಪ್ ಮೊದ್ಲ್ ತುದೀಲ್ ಮಾತ್ರ ಇತ್ತ್ ಅಕ್ಕಾ. ನಿನ್ನೆ ಇಲ್ಲಿವರೆಗೆ ಬಂತ್" ಎಂದು ಬೆರಳಿಡದೆ ತೋರಿಸಿದಳು. "ಅದ್ ನಾನ್ ಕಂಡದ್ದ್. ಮುಂದ್ ಎಂತ ಆತ್ತ್ ಅಂತ ನಂಗೊತ್ತಿಲ್ಲ. ಡಾಕ್ಟ್ರ ಹತ್ರ ಕೇಣ್ಕಂಡ್ ಬತ್ತೆ."

ಸರ್ಜನ್ ಬೇರೊಂದು ವಾರ್ಡಿನಲ್ಲಿದ್ದರು, ನಾನೂ ಅವಳ ಹಿಂದೆ ಹೋದೆ. ವಿದ್ಯಾರ್ಥಿನಿಯೊಬ್ಬಳು ಬಂದು ಪ್ರಶ್ನೆ ಕೇಳುವುದು ಅವರಿಗೆ ಹೊಸತು. ನಿನ್ನೆಯೇ ಹೇಳಿದೆನಲ್ಲ ಎಂದು ಸ್ವಲ್ಪ ಗದರಿದರು. ಹುಡುಗಿ ಅಲುಗಾಡದೆ ನಿಂತಿದ್ದನ್ನು ನೋಡಿ ಕೊನೆಗೆ ಹೇಳಿದರು: ಈಗ ಬೆರಳು ತೆಗೆದರೆ ಪಾದ ಉಳಿಯುತ್ತದೆ, ತಡಮಾಡಿದರೆ ಪಾದಕ್ಕೇ ಬರಬಹುದು. ಅವಳು ವಾಪಸು ಬಂದು ಅದನ್ನೇ ತನ್ನ ಮಾತಿನಲ್ಲಿ ಹೇಳಿದಳು.

ಆಕೆ ತಮ್ಮ ಪಾದವನ್ನೊಮ್ಮೆ ನೋಡಿಕೊಂಡರು. "ಬುಟ್ಟಿ ಹೊತ್ಕಂಡ್ ನಡುಕೆ ಆತ್ತಾ ಮತ್ತೆ?"

"ಅದ್ ಕೇಣ್ಲಿಲ್ಲ" ಎಂದು ಹುಡುಗಿ ಮತ್ತೆ ಓಡಿದಳು. ಎರಡನೇ ಸಲ ಸರ್ಜನ್ ಸಿಟ್ಟಾಗಲಿಲ್ಲ, ಕುರ್ಚಿ ತೋರಿಸಿ ಕೂರಿಸಿಯೇ ಉತ್ತರ ಕೊಟ್ಟರಂತೆ. ಗಾಯ ಪೂರ್ತಿ ಮಾಯ್ದ ಮೇಲೆ ನಡೆಯಬಹುದು, ಆದರೆ ಸಕ್ಕರೆ ಹಿಡಿತದಲ್ಲಿರಬೇಕು, ಇನ್ನು ಬರಿಗಾಲಲ್ಲಿ ಓಡಾಡುವಂತಿಲ್ಲ.

"ಚಪ್ಲಿ ಹಾಕಂಡ್ ಮೀನ್ ಮಾರುದಾ!" ಎಂದು ಆಕೆ ಮಗನ ಮುಖ ನೋಡಿದರು. ಆಮೇಲೆ, "ಆಯ್ತ್, ತೆಗಿಲಿ" ಎಂದರು.

ಇಬ್ಬರೂ ಹೊರಗೆ ಕಾರಿಡಾರಿಗೆ ಬಂದೆವು. ನನಗೋ ಒಳಗೊಳಗೇ ಸಂಭ್ರಮ. ಈಗ ಇವಳಿಗೆ ಖುಷಿಯಾಗಿರಬೇಕು, ಉತ್ತರ ಸಿಕ್ಕಿತು ಎಂದುಕೊಂಡು, "ಈಗ ತೃಪ್ತಿ ಆಯ್ತಾ?" ಎಂದು ಕೇಳಿಯೇಬಿಟ್ಟೆ.

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು.

"ಹೆದ್ರಿಕೆ ಆಯ್ತ್ ಮೇಡಂ. ನಾನ್ ಹೇಳಿದ್ ತಪ್ಪಿದ್ರೆ?"

"ನೀ ಕಂಡದ್ದ್ ಹೇಳ್ದೆ, ಗೊತ್ತಿಲ್ದೇ ಇದ್ದದ್ ಕೇಂಡ್ ಹೇಳ್ದೆ. ತಪ್ಪ್ ಎಲ್ಲಿ?"

ಅದು ಅವಳ ಕಿವಿಗೆ ಬಿದ್ದಂತೆ ಕಾಣಲಿಲ್ಲ. "ಬೆರಳ್ ತೆಗ್ದ ಮೇಲೆ ಡ್ರೆಸ್ಸಿಂಗ್ ಬೇರೆ ನಮೂನಿ ಅಲ್ದಾ? ಅದ್ ನಮ್ಗೆ ಯಾವಾಗ ಕಲ್ಸ್ತ್ರಿ?" ಎಂದು ಕೇಳಿದಳು.

ಪಾಠದ ಕ್ರಮದಲ್ಲಿ ಅದು ಇನ್ನೂ ಎಷ್ಟೋ ಮುಂದಿತ್ತು. ಮರುದಿನವೇ ಕಲಿಸಿದೆ. ಬಿಡುವ ವಿಷಯ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಬೀಜಾಡಿಯ ಅಕ್ಕನಿಗೆ ಆಪರೇಷನ್ ಆಯಿತು. ಪಾದ ಉಳಿಯಿತು. ಮನೆಗೆ ಹೋಗುವಷ್ಟರಲ್ಲಿ ಆಕೆ ಪಕ್ಕದ ಮಂಚದವರಿಗೆಲ್ಲ ಗಾಯ ತೊಳೆಯುವ ಕ್ರಮ ವಿವರಿಸುವಷ್ಟಾಗಿದ್ದರು. ರೌಂಡ್ಸಿಗೆ ಬಂದ ಸರ್ಜನ್ ಅವರಿಗೂ ಒಂದು ದಿನ, "ಎಂತ ಮಾಡ್ತ್ರಿ ಅಂತ ಹೇಳಿ ಮುಟ್ಟಿ" ಎಂದರು. ಇನ್‌ಚಾರ್ಜ್ ಸಿಸ್ಟರ್ ಮುಖ ತಿರುಗಿಸಿ ನಕ್ಕದ್ದನ್ನು ನಾನು ಕಂಡೆ.

ಇಷ್ಟಾದ ಮೇಲೆ ನನಗೆ ಮಕ್ಕಳ ತೃಪ್ತಿಯ ಗುಟ್ಟು ಗೊತ್ತಾಯಿತು ಎಂದೇ ಕೆಲವು ದಿನ ನಂಬಿದ್ದೆ. ಒಬ್ಬ ವಿದ್ಯಾರ್ಥಿಗೆ ಒಬ್ಬ ರೋಗಿ ಕೊಟ್ಟರೆ ಸಾಕು, ಉಳಿದದ್ದು ತನ್ನಿಂದ ತಾನೇ ಆಗುತ್ತದೆ ಎಂದು ಪ್ರಿನ್ಸಿಪಾಲರಿಗೂ ಹೇಳಿದ್ದೆ. ಮುಂದಿನ ವರ್ಷ ಬಂದ ತರಗತಿಯಲ್ಲೂ ಹಾಗೇ ಮಾಡಿದೆವು. ಅಲ್ಲಿ ಬೈಂದೂರಿನ ಒಬ್ಬ ಹುಡುಗ ಬಂದು, "ಒಂದೇ ಜನನ್ನ್ ದಿನಾ ಕಂಡ್ ಕಂಡ್ ಬೇಜಾರ್ ಬಂತ್ ಮೇಡಂ. ಮೊದ್ಲಿನ್ ಹಾಂಗ್ ಎಲ್ಲಾ ಬೆಡ್ಡಿಗೂ ಹೋತೆ, ಬಿಡಿ" ಎಂದ. ಇನ್ನೊಬ್ಬಳ ರೋಗಿ ತೀರಿಕೊಂಡರು. ಅವಳನ್ನು ವಾರ್ಡಿಗೆ ಮತ್ತೆ ಕರೆತರಲು ನಾನು ಬಹಳ ಪಾಡುಪಟ್ಟೆ. ಇನ್‌ಚಾರ್ಜ್ ಸಿಸ್ಟರ್ ನಿವೃತ್ತರಾದ ಮೇಲೆ ಬಂದವರು ಇದೆಲ್ಲ ತಮ್ಮ ವಾರ್ಡಿನಲ್ಲಿ ಬೇಡ ಎಂದರು. ಬೇರೊಂದು ವಾರ್ಡಿನಲ್ಲಿ ಒಪ್ಪಿದರು. ಹೀಗೆ ಅರ್ಧ ನಡೆಯುತ್ತಿದೆ, ಅರ್ಧ ನಿಂತಿದೆ. ನಾನೂ ಮಕ್ಕಳನ್ನು ಕೇಳುವುದನ್ನು ಬಿಟ್ಟಿಲ್ಲ. ಈಗ ಉತ್ತರ ಹೀಗೇ ಇರುತ್ತದೆ ಎಂದು ಮೊದಲೇ ಎಣಿಸುವುದನ್ನು ಮಾತ್ರ ಬಿಟ್ಟಿದ್ದೇನೆ.

ಯಡ್ತರೆಯ ಹುಡುಗಿ ಓದು ಮುಗಿಸಿ ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಕೆಲಸದಲ್ಲಿದ್ದಾಳೆ. ಊರಿಗೆ ಬಂದಾಗ ಒಮ್ಮೊಮ್ಮೆ ನನ್ನ ಮನೆಗೆ ಬರುತ್ತಾಳೆ. ಬಂದರೆ ಬರೀ ದೂರು. ಜನ ಕಮ್ಮಿ, ಕೆಲಸ ಹೆಚ್ಚು, ಯಾರಿಗೂ ಏನನ್ನೂ ಸರಿಯಾಗಿ ಹೇಳಲು ಪುರುಸೊತ್ತಿಲ್ಲ ಎಂದು ಒಂದೇ ಸಮನೆ ರೇಗುತ್ತಾಳೆ. "ಹಾಂಗಾರೆ ಬಿಡ್ತ್ಯಾ?" ಎಂದು ಒಮ್ಮೆ ತಮಾಷೆಗೆ ಕೇಳಿದೆ. "ಎಂತಕೆ ಬಿಡ್ಕ್?" ಎಂದು ನನ್ನ ಮೇಲೆಯೇ ತಿರುಗಿ ಬಿದ್ದಳು.

ನಾಲ್ಕು ವರ್ಷವೂ ನಗುತ್ತಲೇ ಇದ್ದ ಮುಂಬೈ ಹುಡುಗಿ ಒಂದು ದಿನವೂ ನರ್ಸಾಗಿ ಕೆಲಸ ಮಾಡಲಿಲ್ಲ. ಓದು ಮುಗಿದ ಮೇಲೆ ನೇರವಾಗಿ ಅಪ್ಪನ ಹೋಟೆಲಿಗೆ ಹೋಗಿ ಗಲ್ಲಾಪೆಟ್ಟಿಗೆಯ ಮುಂದೆ ಕೂತಳು. ಇದು ನನಗೆ ಎಲ್ಲಕ್ಕಿಂತ ಹೆಚ್ಚು ಆಶ್ಚರ್ಯ ತಂದ ಸಂಗತಿ. ಓದು ಅಷ್ಟು ಇಷ್ಟಪಟ್ಟವಳು ಕೆಲಸಕ್ಕೆ ಬರಲಿಲ್ಲ, ಓದನ್ನು ಬಿಡಲು ಹೊರಟವಳು ಕೆಲಸವನ್ನು ಬಿಡುತ್ತಿಲ್ಲ! ಕಳೆದ ತಿಂಗಳು ಅವಳ ಫೋನು ಬಂದಾಗ ಕೇಳಿಯೇಬಿಟ್ಟೆ.

"ನಿಂಗೆ ಕೋರ್ಸ್ ನಿಜವಾಗಿ ಇಷ್ಟ ಆಯಿತ್ತಾ, ಅಲ್ಲ ನಮ್ ಖುಷಿಗೆ ಹೇಳ್ತಿದ್ಯಾ?"

"ಅರೆ, ಎಂತ ಮೇಡಂ! ಅಷ್ಟ್ ಲಾಯ್ಕ್ ದಿನ ನಂಗೆ ಮತ್ ಸಿಕ್ಲೇ ಇಲ್ಲ."

"ಮತ್ತೆ ಕೆಲ್ಸಕ್ಕೆ ಸೇರ್ಲಿಲ್ಲ ಎಂತಕೆ?"

"ಇಷ್ಟ ಆದ್ದನ್ನೆಲ್ಲ ಜೀವನ ಇಡೀ ಮಾಡ್ಕಾ ಮೇಡಂ?" ಎಂದಳು. ಆಮೇಲೆ ಏನೋ ನೆನಪಾದವಳಂತೆ, "ನಿಮ್ಗೆ ಇಷ್ಟವಾ, ಪಾಠ ಮಾಡುದ್?" ಎಂದು ಕೇಳಿದಳು.

ನಾನು ಎಷ್ಟೊಂದು ಜನರನ್ನು ಕೇಳಿದ್ದೆ. ನನ್ನನ್ನು ಕೇಳಿದವಳು ಅವಳೊಬ್ಬಳೇ. ಕೂಡಲೇ ಹೌದು ಎನ್ನಲು ಹೊರಟು ನಿಲ್ಲಿಸಿದೆ.

"ಇವತ್ ಇಷ್ಟ. ನಿನ್ನೆ ಅಷ್ಟ್ ಇರ್ಲಿಲ್ಲ" ಎಂದೆ.

"ಯಾಕೆ, ನಿನ್ನೆ ಎಂತಾಯ್ತ್?"

ಹೇಳತೊಡಗಿದೆ. ಅಷ್ಟರಲ್ಲಿ ಆ ಬದಿಯಲ್ಲಿ ಯಾರೋ ಚಿಲ್ಲರೆಗಾಗಿ ಜಗಳ ತೆಗೆದರು. "ಒಂದ್ನಿಮಿಷ, ಮತ್ತ್ ಮಾಡ್ತೆ ಮೇಡಂ" ಎಂದು ಅವಳು ಫೋನು ಇಟ್ಟಳು. ನಾನು ಅಂಗಳಕ್ಕೆ ಹೋಗಿ, ಒಣಗಿದ ಬಟ್ಟೆ ತೆಗೆಯುತ್ತಾ, ನಿನ್ನೆ ನಿಜವಾಗಿ ಏನಾಗಿತ್ತು ಎಂದು ಮೊದಲಿನಿಂದ ಯೋಚಿಸತೊಡಗಿದೆ.